ಹತ್ತು ಎಣಿಸುವ ಮಷೀನು

ನನ್ನ ಮೊಮ್ಮಗಳು ಕೃಪಾ ಇವತ್ತು ಬೆಳಿಗ್ಗೆ ರೇಡಿಯೋದಲ್ಲಿ ಮಾತಾಡಿದಳು! ನಾಲ್ಕು ನಿಮಿಷ ಮಾತಾಡಿದಳು, ನಾಲ್ಕು ನಿಮಿಷವೂ ತೊದಲಿದಳು. ನೆಲ್ಸನ್ ಊರಿಗೆ ಊರೇ ಕೇಳಿತು. ಸೇಬಿನ ತೋಟದಲ್ಲಿ ಕೊಂಬೆ ಸವರುವವರು ಕೇಳಿದರು, ಬಂದರಿನಲ್ಲಿ ಮೀನು ಇಳಿಸುವವರು ಕೇಳಿದರು, ನನ್ನ ಸೊಸೆ ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ಕಿವಿ ಮಂದವಾದ ಮುದುಕರೂ ದನಿ ಜೋರು ಮಾಡಿಸಿಕೊಂಡು ಕೇಳಿದರಂತೆ. ಹದಿನಾಲ್ಕು ವರ್ಷದ ಹುಡುಗಿ. ಬಂಡಿ ಕೆಸರಿನಲ್ಲಿ ಸಿಕ್ಕಂತೆ ಒಂದೊಂದು ಮಾತಿಗೂ ಸಿಕ್ಕಿದಳು, ಜಗ್ಗಿದಳು, ಮತ್ತೆ ಸಿಕ್ಕಿದಳು, ಕೊನೆಗೆ ದಾಟಿಯೇ ದಾಟಿದಳು. ನಾನು ಗಾಜಿನ ಈಚೆ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಮೊಮ್ಮಗಳು ತೊದಲಿದ್ದಕ್ಕೆ ಇಷ್ಟು ಹಿಗ್ಗುವ ಅಜ್ಜಿ ಎಲ್ಲಿಯವಳು ಎಂದು ನೀವು ಕೇಳಬಹುದು. ಅದನ್ನು ಹೇಳಬೇಕೆಂದರೆ ನನ್ನ ಪಾಪವನ್ನೂ ಹೇಳಬೇಕು. ಇರಲಿ, ಇವತ್ತು ಎದೆ ತುಂಬಿದೆ, ಹೇಳಿಬಿಡುತ್ತೇನೆ.

ಬೆಳಿಗ್ಗೆ ಸ್ಟುಡಿಯೋದ ಬಾಗಿಲು ತೆಗೆದು ನನ್ನ ಮಗ ಹೀಟರ್ ಹಾಕಿದ. ಹಾಕಿದೊಡನೆ ಸುಟ್ಟ ಧೂಳಿನ ವಾಸನೆ ಬಂತು, ಗೋಡೆಗೆ ಅಂಟಿಸಿದ ಹಳೆಯ ಸ್ಪಂಜಿನ ಮುಗ್ಗಲು ವಾಸನೆ ಬಂತು. ಅಷ್ಟೇ ಸಾಕಾಯಿತು. ಆರು ವರ್ಷ ಹಿಂದಿನ, ಹನ್ನೆರಡನೇ ಇಸವಿಯ ಚಳಿಗಾಲ ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿತು.

ನಾನು ಬೆಟಗೇರಿಯವಳು. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ಒಬ್ಬನೇ ಮಗ ಪ್ರಭಾಕರನನ್ನು ದೊಡ್ಡವನನ್ನಾಗಿ ಮಾಡಿದೆ. ಮನೆಯಲ್ಲಿ ಅವನು ಪ್ರಭು. ಅವನು ಇಲ್ಲಿಗೆ ಓದಲು ಬಂದವನು, ರೇಡಿಯೋದ ಕೆಲಸ ಕಲಿತು ನೆಲ್ಸನ್ನಿನ ಕ್ರೈಸ್ತರ ರೇಡಿಯೋ ಸ್ಟೇಷನ್ನಿನಲ್ಲಿಯೇ ನಿಂತುಬಿಟ್ಟ. ಮೈಸೂರಿನ ಹುಡುಗಿ ಶೋಭಾಳನ್ನು ಮದುವೆಯಾದ. ಆ ವರ್ಷ ಜೂನ್ ತಿಂಗಳಲ್ಲಿ, ಈ ದೇಶದಲ್ಲಿ ಅದು ಚಳಿಗಾಲ, ನಾನು ಮೊದಲ ಸಲ ಇಲ್ಲಿಗೆ ಬಂದೆ. ಆಗ ಕೃಪಾಗೆ ಎಂಟು ವರ್ಷ.

ಮಗನ ರೇಡಿಯೋ ಎಂದರೆ ನಾನು ದೊಡ್ಡ ಬಂಗಲೆ ಎಣಿಸಿದ್ದೆ. ನೋಡಿದರೆ ರತ್ನಗಂಬಳಿ ಮಾರುವ ಅಂಗಡಿಯ ಹಿಂದೆ ಎರಡು ಕೋಣೆ. ಹಾಡು, ಪ್ರಸಂಗ, ಪ್ರಾರ್ಥನೆ ಎಲ್ಲವೂ ಆಕ್ಲೆಂಡಿನಿಂದ ಬರುತ್ತಿತ್ತು. ದೇಶದ ಊರೂರಿನಲ್ಲಿಯೂ ಇಂಥದೊಂದು ಸ್ಟೇಷನ್ನು, ಅದರ ಕೆಲಸ ಆಕ್ಲೆಂಡಿನ ದನಿಯನ್ನು ಹಿಡಿದು ತನ್ನ ಗುಡ್ಡದ ಮೇಲಿನ ಕಂಬದಿಂದ ಊರಿಗೆ ಬಿಡುವುದು. ಬೆಳಿಗ್ಗೆ ಎರಡು ತಾಸು ಮಾತ್ರ ಊರಿನದೇ ದನಿ. ಆ ಎರಡು ತಾಸು ಮೈಕಿನ ಮುಂದೆ ನನ್ನ ಮಗ. ರೇಡಿಯೋದಲ್ಲಿ ಅವನ ಹೆಸರು ಸ್ಯಾಮ್. ಅವರಪ್ಪನ ಹೆಸರು ಸ್ಯಾಮುಯೆಲ್, ಅದನ್ನು ಮೊಟಕು ಮಾಡಿಕೊಂಡಿದ್ದಾನೆ, ಬಿಳಿಯರ ನಾಲಿಗೆಗೆ ಸಲೀಸಾಗಲಿ ಎಂದು, ಹಾಗಂತ ನಾನು ತಿಳಿದಿದ್ದೆ.

ಆ ಕೋಣೆಯಲ್ಲಿ ಒಂದು ಮಷೀನಿತ್ತು. ಊಟದ ಡಬ್ಬಿಯಷ್ಟು ದೊಡ್ಡದು, ಎದುರಿಗೆ ಒಂದು ಹಸಿರು ದೀಪ, ಒಂದು ಕೆಂಪು ದೀಪ. ಮಗ ಹೆಮ್ಮೆಯಿಂದ ತೋರಿಸಿದ್ದ. "ಅವ್ವಾ, ಇದು ಸುಮ್ನ ಕುಂತು ಕೇಳ್ಕೋತ ಇರತೈತಿ. ಹತ್ತು ಎಣಿಸೂತನಾ ದನಿ ಬರಲಿಲ್ಲಂದ್ರ ನಮ್ಮ ಸ್ಟೇಷನ್ ಸತ್ತೈತಿ ಅಂತ ತಿಳೀತೈತಿ. ತಾನ ಆಕ್ಲೆಂಡಿಂದು ಹಚ್ಚಿಬಿಡತೈತಿ." ಗಾಳಿಮಳೆಗೆ ತಂತಿ ಕಡಿದರೂ ಊರಿಗೆ ರೇಡಿಯೋ ನಿಲ್ಲಬಾರದಲ್ಲ, ಅದಕ್ಕೆ. ನನಗೆ ಅದನ್ನು ನೋಡಿ ನಗು ಬಂದಿತ್ತು. ನಮ್ಮ ಆಸ್ಪತ್ರೆಯ ಹೆಡ್ ನರ್ಸಮ್ಮನೂ ಹೀಗೆಯೇ ಬಾಗಿಲಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು.

ಕೃಪಾ ತೊದಲುತ್ತಾಳೆ ಎಂದು ಫೋನಿನಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಬಂದ ದಿನ ಅವಳು 'ಅಜ್ಜಿ' ಎನ್ನಲು ಬಾಯಿ ತೆಗೆದು, ಕುತ್ತಿಗೆಯ ನರ ಉಬ್ಬಿಸಿ, ಕಣ್ಣು ಮುಚ್ಚಿ ಒದ್ದಾಡಿದಾಗ ನನಗೆ ಆದದ್ದು ಮರುಕವಲ್ಲ, ನಾಚಿಕೆ. ಇದನ್ನು ನಾನು ಮುಚ್ಚಿಡುವುದಿಲ್ಲ.

ಪ್ರಭೂನೂ ಸಣ್ಣವನಿದ್ದಾಗ ತೊದಲುತ್ತಿದ್ದ. ನಮ್ಮ ಚರ್ಚಿನ ಸಭೆಯಲ್ಲಿ ಮಕ್ಕಳಿಗೆ ಬೈಬಲ್ ವಚನ ಕಂಠಪಾಠದ ಸ್ಪರ್ಧೆ ಇರುತ್ತಿತ್ತು. ಒಪ್ಪಿಸಲಾಗದ ಮಗು ಆರಾಧನೆ ಮುಗಿಯುವವರೆಗೆ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ನನ್ನ ಮಗ ಮೂರು ವರ್ಷ ನಿಂತ. ನಾಲ್ಕನೆಯ ವರ್ಷ ನಾನು ಬಜೆ ಬೇರು ತೇಯ್ದು ದಿನಾ ಅವನ ನಾಲಿಗೆಗೆ ತಿಕ್ಕಿದೆ, ಒಂದೊಂದು ತೊದಲಿಗೆ ಹುಣಸೆಯ ಬರಲಿನಿಂದ ಅಂಗೈಗೆ ಒಂದೊಂದು ಏಟು ಕೊಟ್ಟೆ. ಎರಡು ವರ್ಷಕ್ಕೆ ತೊದಲು ನಿಂತಿತು. ಈಗ ನೋಡಿ, ಒಂದು ಊರಿಗೇ ದನಿಯಾಗಿದ್ದಾನೆ! ಇದಕ್ಕಿಂತ ದೊಡ್ಡ ಪುರಾವೆ ಯಾವ ಡಾಕ್ಟರು ಕೊಡುತ್ತಾನೆ?

ಈ ದೇಶದ ವಿಮಾನ ನಿಲ್ದಾಣದಲ್ಲಿ ಬೇರು ಬೀಜ ಏನಿದ್ದರೂ ಕಸಿದುಕೊಳ್ಳುತ್ತಾರೆಂದು ಕೇಳಿ, ನನ್ನ ಮೊಣಕಾಲು ನೋವಿಗೆಂದು ತಂದಿದ್ದ ಬಜೆಯನ್ನು ಲಂಗದ ಲಾಡಿ ತೂರಿಸುವ ನೇಫಾದಲ್ಲಿ ಹೊಲಿದುಕೊಂಡು ಬಂದಿದ್ದೆ. ಮರುದಿನವೇ ಹೊಲಿಗೆ ಬಿಚ್ಚಿದೆ.

"ಅತ್ತೆ, ಬೇಡಿ. ಸ್ಕೂಲಲ್ಲಿ ಅದಕ್ಕೇಂತ ಟೀಚರ್ ಇದಾರೆ, ಅವ್ರು ನೋಡ್ಕೋತಾರೆ" ಅಂದಳು ಶೋಭಾ.

"ನಿಮ್ಮ ಟೀಚರ್ ನೋಡೂದ್ರಾಗ ಇಕಿ ಮುದುಕಿ ಆಗಿರತಾಳ. ನಿನ್ನ ಗಂಡಗ ಯಾವ ಟೀಚರ್ ನೋಡಿದ್ರು?"

ಶೋಭಾ ಗಂಡನ ಕಡೆ ನೋಡಿದಳು. ಪ್ರಭು ಪಾತ್ರೆ ತೊಳೆಯುತ್ತಿದ್ದ. ತಿರುಗಲಿಲ್ಲ. "ಮಾಡಲಿ ಬಿಡು. ನನಗ ಆಗಿಲ್ಲೇನು?" ಅಂದ.

ಅಲ್ಲಿಂದ ದಿನವೂ ಬೆಳಿಗ್ಗೆ ಹುಲ್ಲಿನ ಮೇಲೆ ಮಂಜು ಗಾಜಿನ ಹಾಗೆ ಬಿದ್ದಿರುವ ಹೊತ್ತಿಗೆ ನಾನು ಆ ಕೂಸನ್ನು ಕಿಟಕಿಯ ಹತ್ತಿರ ಕೂಡಿಸಿ ಖಾರ ಖಾರ ಬಜೆಯನ್ನು ನಾಲಿಗೆಗೆ ತಿಕ್ಕುತ್ತಿದ್ದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹುಣಸೆಯ ಬರಲು ಮಾತ್ರ ಕೈಗೆ ಹಿಡಿಯಲಿಲ್ಲ, ಈ ದೇಶದಲ್ಲಿ ಪೊಲೀಸರು ಬರುತ್ತಾರೆಂದು ಶೋಭಾ ಹೆದರಿಸಿದ್ದಳು. ಬದಲಿಗೆ ಒಂದು ಮಾತು ಕಲಿಸಿದೆ. "ಮ್ಯಾಕಿ ಹಂಗ ಬ್ಯಾ ಬ್ಯಾ ಅನಬ್ಯಾಡ. ಬರಲಿಲ್ಲಂದ್ರ ಬಾಯಿ ಮುಚ್ಚು. ಒಳಗ ಪೂರಾ ಅನ್ಕೋ, ಆಮ್ಯಾಲೆ ತೆಗಿ." ಕೂಸು ತಲೆ ಆಡಿಸುತ್ತಿತ್ತು.

ಶನಿವಾರ ಶನಿವಾರ ಊರಿನ ಹೊತ್ತಿನಲ್ಲಿ ಐದು ಮಕ್ಕಳು ಸ್ಟುಡಿಯೋಗೆ ಬಂದು ಒಂದೊಂದು ವಚನ ಹೇಳುವ ಕಾರ್ಯಕ್ರಮವಿತ್ತು. ಮೊಮ್ಮಗಳ ಹೆಸರು ಕೊಡು ಎಂದು ನಾನು ಮಗನಿಗೆ ಗಂಟು ಬಿದ್ದೆ. ಅವನು ಬೇಡವೆಂದ. ನಾನು ಎರಡು ದಿನ ಉಣ್ಣಲಿಲ್ಲ. ಕೊಟ್ಟ.

ಜುಲೈ ತಿಂಗಳ ಆ ಬೆಳಿಗ್ಗೆ ಇವತ್ತಿನಂತೆಯೇ ಇತ್ತು, ನೀಲಿ ಆಕಾಶ, ಬೆರಳು ಕಡಿಯುವ ಚಳಿ. ನಾಲ್ಕು ಮಕ್ಕಳು ನೀರು ಹರಿದಂತೆ ಹೇಳಿ ಮುಗಿಸಿದರು. ಐದನೆಯವಳು ಕೃಪಾ. ಕಿವಿಗೆ ದೊಡ್ಡ ಹೆಡ್‌ಫೋನು, ಮೈಕಿಗೆ ಎಟುಕಲೆಂದು ಕಾಲ ಕೆಳಗೆ ಹಾಲಿನ ಕ್ರೇಟು. ಅವಳ ವಚನದ ಮೊದಲ ಪದ 'ಬ' ದನಿಯದು. "ಬ... ಬ..." ಅಂದಳು. ನಿಂತಳು. ಗಾಜಿನಾಚೆಯಿಂದ ನನ್ನ ಮುಖ ನೋಡಿದಳು.

ನಾನು ತುಟಿಯ ಮೇಲೆ ಬೆರಳಿಟ್ಟೆ.

ಕೂಸು ಬಾಯಿ ಮುಚ್ಚಿತು. ನಾನು ಕಲಿಸಿದಂತೆಯೇ, ಒಳಗೆ ಪೂರಾ ಹೇಳಿಕೊಳ್ಳತೊಡಗಿತು. ಕೋಣೆ ನಿಶ್ಶಬ್ದವಾಯಿತು. ಪ್ರಭು ತನ್ನ ಮೈಕಿನ ಮುಂದೆಯೇ ಇದ್ದ. ಒಂದು ಮಾತು ಅಂದಿದ್ದರೆ ಸಾಕಿತ್ತು, ಒಮ್ಮೆ ಕೆಮ್ಮಿದ್ದರೂ ಸಾಕಿತ್ತು. ಅವನ ಬಾಯಿ ತೆರೆಯಿತು, ಹಾಗೇ ನಿಂತಿತು. ಹಸಿರು ದೀಪ ಆರಿತು. ಕೆಂಪು ಹತ್ತಿತು. ಮೇಲಿನ ಸ್ಪೀಕರಿನಲ್ಲಿ ಆಕ್ಲೆಂಡಿನ ಗಿಟಾರು, ಯಾರೋ ಗಂಡಸಿನ ಹಾಡು.

ಆಗ, ಹಾಡು ಶುರುವಾದ ಮೇಲೆ, ನನ್ನ ಮೊಮ್ಮಗಳ ತುಟಿ ಅಲ್ಲಾಡಿತು. ವಚನ ಪೂರಾ ಬಂದಿತ್ತು. ಮೊದಲಿನಿಂದ ಕೊನೆಯವರೆಗೂ ಒಂದೇ ಉಸಿರಿನಲ್ಲಿ, ಸತ್ತ ಮೈಕಿನೊಳಗೆ ಹೇಳಿ, ಕ್ರೇಟಿನಿಂದ ಇಳಿದಳು.

ಕಾರಿನಲ್ಲಿ ಅವಳು "ಡ... ಡ್ಯಾಡ್" ಎಂದು ಶುರು ಮಾಡಿದಳು. ಪ್ರಭು ರಸ್ತೆಯನ್ನೇ ನೋಡುತ್ತಾ, "ಸಾಕು. ಊರ ಮುಂದ ಆತಲ್ಲ, ಇನ್ನ ಮನ್ಯಾಗೂ ಬ್ಯಾಡ" ಅಂದ.

ಅವಳು ನಿಲ್ಲಿಸಿದಳು. ಆ ಚಳಿಗಾಲ ಪೂರ್ತಿ ಮಾತನ್ನೇ ನಿಲ್ಲಿಸಿದಳು.

ಮರುದಿನ ನಮ್ಮ ಜನ ಸೇರುವ ಪ್ರಾರ್ಥನೆಯಲ್ಲಿ ಬೆಂಗಳೂರಿನ ವಿಮಲಾ ಎನ್ನುವವಳು ನಗುತ್ತಾ ಬಂದಳು. "ಏನ್ ಆಂಟಿ, ಕೃಪಾ ಬರ್ತಾಳೆ ಅಂತ ಕಾಯ್ತಾ ಕೂತಿದ್ರೆ ಯಾವ್ದೋ ಹಾಡು ಬಂತು! ನಮ್ಮನೆಯವ್ರು ರೇಡಿಯೋ ಕೆಟ್ಟೋಯ್ತು ಅಂತ ಅದಕ್ಕೆ ಎರಡು ಏಟು ಹಾಕಿದ್ರು."

"ರೇಡಿಯೋ ಕೆಟ್ಟಿಲ್ಲವಾ, ನಮ್ಮ ಕೂಸ ಕೆಟ್ಟೈತಿ" ಅಂದೆ ನಾನು. ಎಲ್ಲರೂ ನಕ್ಕರು. ಕೃಪಾ ನನ್ನ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದಳು. ಆ ಹುಡುಗಿಗೆ ಕನ್ನಡ ಆಡಲು ಬರದಿದ್ದರೇನು, ಪೂರಾ ತಿಳಿಯುತ್ತದೆ.

ಸಾಲೆಯ ಮಕ್ಕಳು ಅವಳನ್ನು 'ಬಫರಿಂಗ್' ಎಂದು ಕರೆಯತೊಡಗಿದರು. ಅವರು ಬೇಲಿಯಾಚೆಯಿಂದ ಕೂಗುವುದನ್ನು ಕೇಳಿ ನಾನು ಅದೇನೋ ಮುದ್ದಿನ ಹೆಸರು ಅಂದುಕೊಂಡೆ. ಒಂದು ವಾರ ನಾನೂ ಹಾಗೆಯೇ ಕರೆದೆ. ಕಂಪ್ಯೂಟರು ಸಿಕ್ಕಿಕೊಂಡು ಚಕ್ರ ತಿರುಗಿಸುವುದಕ್ಕೆ ಹಾಗನ್ನುತ್ತಾರೆ ಎಂದು ಶೋಭಾ ಹೇಳಿದ ದಿನ ನನ್ನ ಮುಖಕ್ಕೆ ರಕ್ತ ನುಗ್ಗಿತು. ಆದರೂ ಸೋಲಲಿಲ್ಲ ನಾನು. ಇದು ಹಟ, ಹಟ ಮುರಿಯಬೇಕು ಎಂದೇ ನನ್ನ ಲೆಕ್ಕ.

ಜೋಳದ ರೊಟ್ಟಿಗೆ ಬೆಣ್ಣೆ ಎಂದರೆ ಅವಳಿಗೆ ಪ್ರಾಣ. ಬೆಣ್ಣೆಯ ಬಟ್ಟಲನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ಕೂತೆ. "ಬೆಣ್ಣಿ ಅನ್ನು, ಕೊಡ್ತೀನಿ. ಒಂದ ಒಂದು ಮಾತು." ಅವಳು ನನ್ನನ್ನು ನೋಡಿದಳು, ಬಟ್ಟಲನ್ನು ನೋಡಿದಳು, ಒಣ ರೊಟ್ಟಿ ಮುರಿದು ತಿಂದಳು. ಶೋಭಾ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಮರುದಿನ ಮತ್ತೆ ಬಟ್ಟಲು ನನ್ನ ಮಡಿಲಲ್ಲಿ. ನಾನು ಹೊರಡುವ ದಿನದವರೆಗೂ ಆ ಕೂಸು ಒಣ ರೊಟ್ಟಿಯನ್ನೇ ತಿಂದಿತು. ಎಂಟು ವರ್ಷದ ಕೂಸು.

ಒಂದು ಮಧ್ಯಾಹ್ನ ನಾವಿಬ್ಬರೂ ಮೈಟೈ ಹೊಳೆಯ ದಂಡೆಗೆ ಹೋಗಿದ್ದೆವು. ನೀರು ತಣ್ಣಗೆ, ತಿಳಿಯಾಗಿ ಹರಿಯುತ್ತಿತ್ತು. ಕೃಪಾ ಜಾಕೆಟಿನ ಜೇಬಿಗೆ ಕೈಹಾಕಿ ನನ್ನ ಬಜೆ ಬೇರನ್ನು ತೆಗೆದಳು. ನನ್ನ ಮುಖ ನೋಡಿಕೊಂಡೇ ಅದನ್ನು ನೀರಿಗೆ ಎಸೆದಳು. ನಂತರ ತುಟಿಯ ಮೇಲೆ ಬೆರಳಿಟ್ಟುಕೊಂಡಳು, ನಾನು ಗಾಜಿನಾಚೆ ಇಟ್ಟುಕೊಂಡಿದ್ದೆನಲ್ಲ, ಥೇಟ್ ಹಾಗೆ. ಮಕ್ಕಳು ಹೊಡೆದರೆ ಅದು ಎಲುಬಿಗೆ ತಾಗುತ್ತದೆ.

ಸೇಬಿನ ಗಿಡಗಳು ಚಿಗುರುವ ಹೊತ್ತಿಗೆ ನನ್ನ ವೀಸಾ ಮುಗಿಯಿತು. ಕೃಪಾ ನನ್ನನ್ನು ಬೀಳ್ಕೊಡಲು ಬರಲಿಲ್ಲ. ವಿಮಾನ ನಿಲ್ದಾಣದ ಹೊರಗೆ ಕಾರು ನಿಲ್ಲಿಸಿ ಪ್ರಭು ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದೇ ಕೂತ.

"ಅವ್ವಾ, ಆ ಮಷೀನಿಗೆ ತೊದಲು ಗೊತ್ತಾಗಂಗಿಲ್ಲ. ಅದಕ್ಕ ದನಿ ಅಂದ್ರ ದನಿ. ಬ ಬ ಬ ಅಂದ್ರೂ ದನೀನ. ಆಕಿ ತೊದಲಕೋತ ಹತ್ತು ನಿಮಿಷ ತಗೊಂಡಿದ್ರೂ ಹಸರು ದೀಪ ಆರತಿರಲಿಲ್ಲ. ಸುಮ್ಮನಾದ್ರ ಅಷ್ಟ ಅದು ಕಡೀತೈತಿ. ಆಕಿನ್ನ ಸುಮ್ಮನ ಮಾಡಿದಾಕಿ ನೀನು."

ನನಗೆ ಸಿಟ್ಟು ಬಂತು. "ನೀ ಅಲ್ಲೇ ಇದ್ದೆಲ್ಲೋ! ನಿನಗೇನಾಗಿತ್ತು ಧಾಡಿ? ಒಂದು ಮಾತು ಅನಬೇಕಿಲ್ಲೇನು?"

"ನನಗೂ ಬರಲಿಲ್ಲ" ಅಂದ ನನ್ನ ಮಗ.

ನನಗೆ ಅರ್ಥವಾಗಲಿಲ್ಲ.

"ನಂದು ಹೋಗಿಲ್ಲವಾ ಇನ್ನಾ. ನೀ ಹೋತು ಅಂತ ತಿಳಕೊಂಡಿ. ಎಲ್ಲಿ ಸಿಗತೈತಿ ಅಂತ ನನಗ ಗೊತ್ತೈತಿ, ಅಂಥಾ ಮಾತು ಬರೂದ್ರಾಗ ಬ್ಯಾರೆ ಮಾತು ಹುಡುಕತೀನಿ. ದಿನಾ ಎರಡು ತಾಸು ಅದ ಕೆಲಸ. ನನ್ನ ಹೆಸರಿಗೆ ಮಾತ್ರ ಬ್ಯಾರೆ ಮಾತಿಲ್ಲ. ಸ್ಯಾಮ್ ಅಂತ ಯಾಕ ಇಟ್ಕೊಂಡೀನಿ ಅನ್ಕೊಂಡಿ? ನನ್ನ ಹೆಸರು ನನಗ ಅನ್ನಾಕ ಬರಂಗಿಲ್ಲ."

ಆಮೇಲೆ ಡಿಕ್ಕಿಯಿಂದ ನನ್ನ ಪೆಟ್ಟಿಗೆ ಇಳಿಸಿ ಕೊಟ್ಟ. ಕಾಲು ಮುಟ್ಟಿ ನಮಸ್ಕಾರ ಮಾಡಿದ. ನಾನು ವಿಮಾನ ಹತ್ತಿದಲ್ಲಿಂದ ಬೆಟಗೇರಿ ಮುಟ್ಟುವವರೆಗೂ ಅವನ ಅಂಗೈಗಳನ್ನೇ ನೆನೆಸಿಕೊಂಡು ಬಂದೆ. ಒಂದೊಂದು ತೊದಲಿಗೆ ಒಂದೊಂದು ಏಟು. ಎಷ್ಟಾಗಿದ್ದವೋ.

ಮುಂದಿನ ಆರು ವರ್ಷ ಫೋನಿನಲ್ಲಿಯೇ ಕಳೆದವು. ಶೋಭಾ ಮಗಳನ್ನು ಮಾತು ಕಲಿಸುವ ಟೀಚರಿನ ಹತ್ತಿರ ಕರೆದೊಯ್ದಳು. ಆ ಹೆಂಗಸು ಕೃಪಾಳಿಗಿಂತ ಮನೆಯವರಿಗೇ ಹೆಚ್ಚು ಪಾಠ ಮಾಡಿದಳಂತೆ: ಹುಡುಗಿಯ ಬಾಯಲ್ಲಿರುವ ಮಾತನ್ನು ನೀವು ಕಸಿದು ಮುಗಿಸಬೇಡಿ, ಮುಖ ತಿರುಗಿಸಬೇಡಿ, ಕಾಯಿರಿ. ತೊದಲುವುದಿದ್ದರೆ ಜೋರಾಗಿಯೇ ತೊದಲು ಎಂದು ಕೃಪಾಳಿಗೆ ಹೇಳಿದಳಂತೆ. ಹುಡುಗಿ ಒಂದೊಂದಾಗಿ ಮಾತು ತೆಗೆದಳು. ನನ್ನ ಜೊತೆ ಮಾತ್ರ ಫೋನಿಗೆ ಬರುತ್ತಿರಲಿಲ್ಲ.

ಹೋದ ವಾರ ಬಂದೆ ನಾನು. ನನಗಿಂತ ಎತ್ತರವಾಗಿದ್ದಾಳೆ. "ಹ... ಹಾಯ್ ಅಜ್ಜಿ" ಅಂದಳು, ಅಷ್ಟೇ. ಸ್ಟೇಷನ್ನಿನ ಸುದ್ದಿಯೂ ಆಗಲೇ ತಿಳಿಯಿತು: ಸೋಮವಾರದಿಂದ ಊರಿನ ಹೊತ್ತು ಇಲ್ಲ, ಇಪ್ಪತ್ನಾಲ್ಕು ತಾಸೂ ಆಕ್ಲೆಂಡಿನದೇ. ಪ್ರಭುವಿಗೆ ಗುಡ್ಡದ ಕಂಬ ನೋಡಿಕೊಳ್ಳುವ ಕೆಲಸ ಉಳಿಯುತ್ತದೆ, ಮಾತಾಡುವ ಕೆಲಸ ಉಳಿಯುವುದಿಲ್ಲ. ಇವತ್ತು ಕೊನೆಯ ಬೆಳಿಗ್ಗೆ. ಕೃಪಾ ತಾನಾಗಿಯೇ ಅಪ್ಪನನ್ನು ಕೇಳಿದಳಂತೆ, ಕೊನೆಯ ನಾಲ್ಕು ನಿಮಿಷ ನನಗೆ ಕೊಡು ಎಂದು. ನಾನೂ ಬರಬೇಕೆಂದು ಹೇಳಿದವಳೂ ಅವಳೇ.

ಬೆಳಿಗ್ಗೆ ಹೀಟರ್ ಹಾಕಿದ ಮೇಲೆ ಪ್ರಭು ಮಷೀನಿನ ಹತ್ತಿರ ಹೋಗಿ, "ಕೊನೀ ದಿನ. ಇದನ್ನ ಬಂದ್ ಮಾಡ್ಲೇನ?" ಎಂದು ಮಗಳನ್ನು ಕೇಳಿದ.

"ಲ... ಲೀವ್ ಇಟ್ ಆನ್" ಅಂದಳು.

ಹಾಲಿನ ಕ್ರೇಟು ಬೇಕಾಗಲಿಲ್ಲ. ಮೊದಲು ಹವಾಮಾನ ಹೇಳಿದಳು. ಸ್ಟೋಕ್ ಕಡೆ ಕಳೆದುಹೋದ ಕಂದು ನಾಯಿಯ ವಿಷಯ ಹೇಳಿದಳು. ಆಮೇಲೆ ಕಾಗದ ಮಡಚಿಟ್ಟು ಏನೋ ತನ್ನದೇ ಮಾತು ಆಡಿದಳು. ನನಗೆ ಇಂಗ್ಲಿಷ್ ಪೂರಾ ಬರದು. ನಡುವೆ 'ಗ್ರ್ಯಾಂಡ್‌ಮದರ್' ಅಂದದ್ದು ಕೇಳಿಸಿತು. ನನ್ನ ಹೆಸರು ಹೇಳಿದಳು ಎಂಬ ಹಿಗ್ಗಿಗೆ ಗಾಜಿನ ಈಚೆಯಿಂದ ಕೈ ಎತ್ತಿ ಬೀಸಿದೆ. ಅವಳು ನನ್ನನ್ನೇ ನೋಡಿಕೊಂಡು ಆ ಹಳೆಯ ವಚನ ಶುರು ಮಾಡಿದಳು. ಮೊದಲ ಪದ. "ಬ-ಬ-ಬ-ಬ-ಬ..." ಕುತ್ತಿಗೆಯ ನರ ಉಬ್ಬಿತು. ನಾನು ಮಷೀನನ್ನು ನೋಡಿದೆ. ಮನಸ್ಸಿನಲ್ಲಿ ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಅವಳು ಬಾಯಿ ಮುಚ್ಚಲಿಲ್ಲ. ಹಸಿರು ದೀಪ ಹಸಿರಾಗಿಯೇ ಇತ್ತು. ಪದ ಬಂತು. ಅದರ ಹಿಂದೆ ಒಂದೊಂದಾಗಿ ಎಲ್ಲ ಪದಗಳೂ ಬಂದವು. ಕೊನೆಯ ಪದ ಹೇಳಿ ತಾನೇ ಗುಂಡಿ ಒತ್ತಿ ಮೈಕು ಆರಿಸಿದಳು.

ಕಾರಿನಲ್ಲಿ ಕೇಳಿದೆ: "ನನ್ನ ಬಗ್ಗೆ ಏನೋ ಅಂದ್ಲಲ್ಲೋ ಪ್ರಭೂ, ಏನಂದ್ಲು?"

"ಬ್ಯಾಡ ಬಿಡವಾ."

ಹಿಂದಿನ ಸೀಟಿನಿಂದ, "ಟ... ಟೆಲ್ ಹರ್, ಡ್ಯಾಡ್."

ಅವನು ಕನ್ನಡ ಮಾಡಿ ಹೇಳಿದ. "'ಎಂಟು ವರ್ಷದಾಕಿ ಇದ್ದಾಗ ಇದ ಕೋಣ್ಯಾಗ ನನ್ನ ಬಾಯಿ ಮುಚ್ಚಿಸಿದ್ರು. ಮಷೀನ್ ಅಲ್ಲ, ನನ್ನ ಅಜ್ಜಿ. ಆಕಿ ಇವತ್ತೂ ಅಲ್ಲೇ ಕುಂತಾಳ. ಇವತ್ತ ನಾ ಮುಚ್ಚಂಗಿಲ್ಲ' ಅಂದ್ಲು."

ಅಂದರೆ ನಾನು ಕೈ ಬೀಸಿದ್ದು ಅದಕ್ಕೆ! ಊರು ಪೂರ್ತಿ ಕೇಳಿಸಿಕೊಂಡದ್ದು ಅದನ್ನು! ವಿಮಲಾ ಕೇಳಿರುತ್ತಾಳೆ, ಅವಳ ಗಂಡ ಕೇಳಿರುತ್ತಾನೆ. ನನಗೆ ಒಳಗಿನಿಂದ ನಗು ಉಕ್ಕಿ ಬಂತು, ತಡೆಯಲಾಗಲಿಲ್ಲ. "ಎಲ್ಲಾ ಹೇಳಿದೇನ ನನ್ನವ್ವ? ಒಂದೂ ಬಿಡದಂಗ ಹೇಳಿದೇನ?" ಎಂದು ತಿರುಗಿ ಕೇಳಿದೆ.

"ಎವ್ರಿ ವ-ವ-ವರ್ಡ್" ಅಂದಳು. ನಗಲಿಲ್ಲ. ನಗದಿದ್ದರೆ ಬೇಡ.

ಸಂಜೆ ನಾನೇ ರೊಟ್ಟಿ ಬಡಿದೆ. ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಮೊಸರು. ನಾಲ್ವರೂ ಮೇಜಿಗೆ ಕೂತೆವು. ಶೋಭಾ ಪ್ರಾರ್ಥನೆ ಮಾಡಿದಳು. ಪ್ರಭು ಇವತ್ತು ಕೊನೆಯ ಸಲ ಮೈಕಿಗೆ ವಿದಾಯ ಹೇಳುವಾಗಲೂ ಸ್ಯಾಮ್ ಎಂದೇ ಹೇಳಿದ್ದ. ಕೃಪಾ ಅದನ್ನೇ ಹಿಡಿದು, "ಡ್ಯಾಡ್ ಹೆದರಿಬಿಟ್ಟ" ಎಂದು ಇಂಗ್ಲಿಷಿನಲ್ಲಿ ಅವನ ಕಾಲೆಳೆದಳು. ಅವನು ತಲೆ ತಗ್ಗಿಸಿ ನಕ್ಕ. ಶೋಭಾ, "ಅಪ್ಪನ್ನ ಸುಮ್ನೆ ಬಿಡೇ, ಪಾಪ" ಅಂದಳು.

ಬೆಣ್ಣೆಯ ಬಟ್ಟಲು ನನ್ನ ಕಡೆ ಇತ್ತು. ನಾನು ಬೇಕೆಂದು ಇಟ್ಟುಕೊಂಡದ್ದಲ್ಲ, ಶೋಭಾ ಹಾಗೆ ಇಟ್ಟಿದ್ದಳು. ಕೃಪಾ ರೊಟ್ಟಿ ಮುರಿದಳು. ನನ್ನ ಕಡೆ ತಿರುಗಿದಳು. "ಅಜ್ಜಿ" ಅಂದಳು. "ಬ-ಬ..."

ನನ್ನ ಕೈ ಬಟ್ಟಲಿಗೆ ಹೋಯಿತು. ಅವಳು ಒಂದು ಬೆರಳು ಎತ್ತಿದಳು, ತಡೆ ಎಂಬಂತೆ. ಕೈ ಹಿಂದೆ ತೆಗೆದೆ. "ಬ-ಬ-ಬ-ಬ..." ಪ್ರಭು ತುತ್ತನ್ನು ಅರ್ಧಕ್ಕೆ ಹಿಡಿದು ಕೂತ. ಶೋಭಾ ಚಮಚ ಕೆಳಗಿಟ್ಟಳು. ಆ ಮಾತು ನನ್ನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು, ಹೇಳಿಬಿಡಲೇ ಎಂದು ಪ್ರಾಣ ಹೋಗುತ್ತಿತ್ತು. ಹಲ್ಲು ಕಚ್ಚಿ ಕೂತೆ. ರೊಟ್ಟಿ ಆರಿತು, ಎಣಗಾಯಿ ಆರಿತು.

"...ಬೆಣ್ಣಿ" ಅಂದಳು. ಕನ್ನಡದಲ್ಲಿ, ನಮ್ಮೂರ ಕನ್ನಡದಲ್ಲಿ.

ಬಟ್ಟಲು ಕೊಟ್ಟೆ. ದೊಡ್ಡ ಮುದ್ದೆ ತೆಗೆದು ತನ್ನ ರೊಟ್ಟಿಗೆ ಹಚ್ಚಿಕೊಂಡಳು, ಬಟ್ಟಲನ್ನು ಮೇಜಿನ ನಡುವೆ, ಎಲ್ಲರ ಕೈಗೂ ಎಟುಕುವ ಕಡೆ ಇಟ್ಟಳು. ಆಮೇಲೆ ನಾವು ನಾಲ್ವರೂ ಉಂಡೆವು.